ಮೊದಲ ಕಾಗದದ ಯುದ್ಧವಿಮಾನಕ್ಕೆ ಸ್ಪಿಟ್‌ಫೈರ್ ಬೇಡ, ಹರಿಕೇನ್ ಹಿಡಿಯಿರಿ

ನಿಮ್ಮ ಪ್ರಶ್ನೆಯಲ್ಲಿ ನನಗೆ ತಿಳಿದದ್ದು ಇಷ್ಟು: ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ 1:33 ಅಳತೆಯ (ನಿಜ ವಿಮಾನದ ಮೂವತ್ತಮೂರನೇ ಒಂದು ಪಾಲು) ಮಾದರಿ ಹಾಳೆಗಳು, ಅಂದರೆ ಪ್ರಿಂಟ್ ತೆಗೆದು ಕತ್ತರಿಸಿ ಅಂಟಿಸುವ ಹಾಳೆಗಳು, ನಿಮ್ಮ ಕಂಪ್ಯೂಟರಿನಲ್ಲಿವೆ. ಕಾಗದದಲ್ಲಿ ಈ ತನಕ ಏನನ್ನೂ ಕಟ್ಟಿಲ್ಲ. ಯಾವ ಕಾಗದ, ಯಾವ ಅಂಟು, ಎಲ್ಲಿಂದ ಶುರು ಮಾಡಬೇಕು, ದೊಡ್ಡದಾಯಿತು ಅನಿಸಿದರೆ ಕುಗ್ಗಿಸಿ ಪ್ರಿಂಟ್ ತೆಗೆಯಬಹುದೇ ಎಂದು ಕೇಳಿದ್ದೀರಿ. ಎಲ್ಲಕ್ಕೂ ಉತ್ತರಿಸುತ್ತೇನೆ. ಅದಕ್ಕೂ ಮೊದಲು ನೀವು ಕೇಳದ ಒಂದು ಸಲಹೆ: ಸ್ಪಿಟ್‌ಫೈರ್ ಹಾಳೆಗಳನ್ನು ಸದ್ಯಕ್ಕೆ ಎತ್ತಿಡಿ. ಅದೇ ಕಾಲದ ಇನ್ನೊಂದು ಬ್ರಿಟಿಷ್ ಯುದ್ಧವಿಮಾನ ಹಾಕರ್ ಹರಿಕೇನ್‌ನ ಹಾಳೆಗಳನ್ನು ಹುಡುಕಿ.

ಕಾರಣ ಕಾಗದದ ಸ್ವಭಾವದಲ್ಲೇ ಇದೆ. ಕಾಗದ ಒಂದು ಸಲಕ್ಕೆ ಒಂದೇ ದಿಕ್ಕಿಗೆ ಬಾಗುತ್ತದೆ. ಕೊಳವೆ ಮಾಡಬಹುದು, ಶಂಕು ಮಾಡಬಹುದು. ಚೆಂಡಿಗೆ ಹಾಳೆ ಸುತ್ತಲು ಹೋದರೆ ನೆರಿಗೆ ಬಿದ್ದೇ ಬೀಳುತ್ತದೆ. ಹಾಗಾಗಿ ಯಾವ ವಿಮಾನ ಚೆಂದ ಎನ್ನುವುದಕ್ಕಿಂತ ಯಾವುದರ ಮೈ ಒಂದೇ ದಿಕ್ಕಿಗೆ ಬಾಗಿದೆ ಎನ್ನುವುದೇ ಮುಖ್ಯ. ಸ್ಪಿಟ್‌ಫೈರ್‌ನ ಸೊಬಗೆಲ್ಲ ಇರುವುದು ಎರಡು ದಿಕ್ಕಿಗೂ ಬಾಗಿದ ಜಾಗಗಳಲ್ಲಿ. ರೆಕ್ಕೆ ದೀರ್ಘವೃತ್ತದ ಆಕಾರ, ಅದರ ಅಂಚಿನಲ್ಲಿ ನೇರವಾದ ಗೆರೆ ಎಂಬುದೇ ಅಪರೂಪ. ರೆಕ್ಕೆ ಒಡಲಿಗೆ ಸೇರುವಲ್ಲಿ ಒಳಕ್ಕೂ ಹಿಂದಕ್ಕೂ ಹರಿದು ಹೋಗುವ ಒಂದು ಹೊದಿಕೆ ಇದೆ, ಅನುಭವಿಗಳೂ ಅದನ್ನು ಕಂಡರೆ ನಿಟ್ಟುಸಿರು ಬಿಡುತ್ತಾರೆ. ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳವೂ ಉಬ್ಬಿದೆ. ನಿಜವಾದ ವಿಮಾನ ಕಟ್ಟಿದವರೂ ಆ ರೆಕ್ಕೆಯಿಂದ ಸಾಕಷ್ಟು ಪಾಡು ಪಟ್ಟರು. ಮೊದಲ ಹಾರಾಟ 1936ರ ಮಾರ್ಚ್ 5ರಂದು, 310 ವಿಮಾನಗಳಿಗೆ ಆರ್ಡರ್ ಸಿಕ್ಕಿದ್ದು ಅದೇ ವರ್ಷದ ಜೂನ್‌ನಲ್ಲಿ, ಮೊದಲ ವಿಮಾನ ವಾಯುಪಡೆಯ ಸ್ಕ್ವಾಡ್ರನ್ (ತುಕಡಿ) ತಲುಪಿದ್ದು 1938ರ ಆಗಸ್ಟ್‌ನಲ್ಲಿ. ರೆಕ್ಕೆ ಮಾಡಿಕೊಡಲು ಒಪ್ಪಿಕೊಂಡಿದ್ದ ಹೊರಗಿನ ಕಂಪನಿಗಳಿಗೆ ಅದು ಸುಲಭಕ್ಕೆ ಒಗ್ಗದೇ ಹೋದದ್ದು ಈ ತಡಕ್ಕೆ ಒಂದು ಕಾರಣ.

ಹರಿಕೇನ್ ಹಾಗಲ್ಲ. ಅದರ ವಿನ್ಯಾಸಕ ಸಿಡ್ನಿ ಕ್ಯಾಮ್ ಮತ್ತು ಅವರ ತಂಡ ಹಳೆಯ ಬೈಪ್ಲೇನ್ (ಒಂದರ ಮೇಲೊಂದು ಎರಡು ರೆಕ್ಕೆಯ ವಿಮಾನ) ಕಾಲದ ವಿಧಾನವನ್ನೇ ಮುಂದುವರಿಸಿತ್ತು: ಒಳಗೆ ಲೋಹದ ಕೊಳವೆಗಳ ಚೌಕಟ್ಟು, ಹಿಂಭಾಗದಲ್ಲಿ ಅದರ ಸುತ್ತ ಮರದ ಅಚ್ಚು, ಉದ್ದುದ್ದಕ್ಕೆ ಮರದ ಪಟ್ಟಿಗಳು, ಮೇಲೆ ಬಿಗಿದ ಬಟ್ಟೆ. ಪಟ್ಟಿಯಿಂದ ಪಟ್ಟಿಗೆ ಎಳೆದು ಕಟ್ಟಿದ ಬಟ್ಟೆ ಸಮತಟ್ಟಾಗಿಯೇ ಇರಬೇಕಲ್ಲ? ಕಾಗದಕ್ಕೆ ಬೇಕಾದದ್ದೂ ಅದೇ. ಹಾಳೆಯ ಹಿಂಬದಿಯಿಂದ ಇಂಕು ಮುಗಿದ ಬಾಲ್‌ಪೆನ್ನಿನಿಂದ ಉದ್ದುದ್ದ ಗೆರೆ ಒತ್ತಿದರೆ (ಕೆಳಗೆ ಮೆತ್ತಗಿನದೇನಾದರೂ ಇರಲಿ) ಮುಂಬದಿಯಲ್ಲಿ ಆ ಪಟ್ಟಿಗಳು ಸಣ್ಣ ಏಣಿನಂತೆ ಏಳುತ್ತವೆ. ಪ್ಲಾಸ್ಟಿಕ್ ಮಾದರಿಗಳಿಗಿಂತ ಇದು ನಿಜಕ್ಕೆ ಹತ್ತಿರ ಎಂಬುದು ನನ್ನ ಅಭಿಪ್ರಾಯ, ಪ್ಲಾಸ್ಟಿಕ್ ಮಂದಿ ಜಗಳಕ್ಕೆ ಬರಲಿ. ಗಾಜಿನ ಮುಚ್ಚಳಕ್ಕೆ ಕಂಬಿಗಳು ಬಹಳ, ನಡುವಿನ ಗಾಜುಗಳು ಚಿಕ್ಕವು. ಓಎಚ್‌ಪಿ ಹಾಳೆ ಎನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಬಹುದು. ಹೊಟ್ಟೆಯಡಿಯ ರೇಡಿಯೇಟರ್ ಒಂದು ಡಬ್ಬಿ, ಅಷ್ಟೇ. ಸ್ಪಿಟ್‌ಫೈರ್‌ನ ಹೆಸರಿನ ಮುಂದೆ ಹರಿಕೇನ್ ಸಪ್ಪೆ ಅನಿಸುತ್ತಿದ್ದರೆ, 1940ರ ಬ್ರಿಟನ್ ಕದನದಲ್ಲಿ (ಜರ್ಮನ್ ವಾಯುಪಡೆಯ ವಿರುದ್ಧ ಬ್ರಿಟನ್ನಿನ ಆಕಾಶದಲ್ಲಿ ನಡೆದದ್ದು) ಹೆಚ್ಚು ಸಂಖ್ಯೆಯಲ್ಲಿ ಹಾರಿದ್ದೂ ಹೆಚ್ಚು ಶತ್ರುವಿಮಾನ ಉರುಳಿಸಿದ್ದೂ ಇದೇ ಎನ್ನುವುದು ನೆನಪಿರಲಿ.

ಜರ್ಮನ್ ವಿಮಾನವೇ ಬೇಕು ಅಂದರೆ ಮೆಸ್ಸರ್‌ಸ್ಮಿಟ್ ಬಿಎಫ್ 109ಇ ಕೂಡ ಕಾಗದಕ್ಕೆ ಒಗ್ಗುತ್ತದೆ. ರೆಕ್ಕೆಯ ಅಂಚುಗಳು ನೇರ, ಗಾಜುಗಳು ಬಹುಪಾಲು ಚಪ್ಪಟೆ. ತೊಡಕು ಬಣ್ಣದ್ದು. ಹಲವು ವಿಮಾನಗಳ ಪಕ್ಕದಲ್ಲಿ ಚುಕ್ಕೆಚುಕ್ಕೆಯಾಗಿ ಹರಡಿದ ಬಣ್ಣ ಇರುತ್ತದೆ. ಜೋಡಣೆ ಒಂದು ಕೂದಲೆಳೆ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಹರಿಕೇನ್‌ಗೆ ಮೇಲ್ಗಡೆ ಮಣ್ಣಿನ ಕಂದು ಮತ್ತು ಕಡುಹಸಿರು, ಎರಡೇ ಬಣ್ಣ. ಯುದ್ಧದ ಆರಂಭ ಕಾಲದ್ದಾದರೆ ಕೆಳಗಡೆ ಎಡ ರೆಕ್ಕೆ ಕಪ್ಪು, ಬಲ ರೆಕ್ಕೆ ಬಿಳಿ.

ಇನ್ನು ಪ್ರಿಂಟ್. ಪಿಡಿಎಫ್ ತೆರೆದಾಗ 'ಹಾಳೆಗೆ ಹೊಂದಿಸು' ಎಂಬ ಆಯ್ಕೆ ತಾನಾಗಿ ಆನ್ ಆಗಿರುತ್ತದೆ, ಅದನ್ನು ತೆಗೆದು 100% ಇಡಿ. ಎಲ್ಲ ಹಾಳೆಗಳನ್ನೂ ಒಂದೇ ಪ್ರಿಂಟರ್‌ನಲ್ಲಿ ಒಂದೇ ಸಲ ತೆಗೆಯಿರಿ. ಒಡಲು 98%, ರೆಕ್ಕೆ 100% ಆದರೆ ಯಾವ ಅಂಟೂ ಕಾಪಾಡುವುದಿಲ್ಲ. ಇಂಕ್‌ಜೆಟ್ ಇಂಕು ನೀರಿಗೆ ಹರಡುತ್ತದೆ, ಹಾಗಾಗಿ ಕತ್ತರಿಸುವ ಮೊದಲೇ ಹೊಳಪಿಲ್ಲದ ವಾರ್ನಿಶ್ ಸ್ಪ್ರೇ ತೆಳುವಾಗಿ ಹೊಡೆದು ಒಣಗಿಸಿ. ಲೇಸರ್ ಪ್ರಿಂಟ್ ನೀರಿಗೆ ಹೆದರುವುದಿಲ್ಲ, ಆದರೆ ಮಡಿಕೆಯಲ್ಲಿ ಟೋನರ್ ಬಿರಿದು ಬಿಳಿ ಗೆರೆ ಕಾಣಿಸುತ್ತದೆ.

ಮೈ ಹೊದಿಕೆಗೆ 160 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಾಗದ ಸರಿಹೋಗುತ್ತದೆ. ಸಣ್ಣ ಕೊಳವೆ, ಕಂಬಿಗಳಿಗೆ ಮಾಮೂಲಿ 80 ಜಿಎಸ್‌ಎಂ ಸಾಕು. ಕಾಗದಕ್ಕೂ ಮರದ ಹಾಗೆ ಎಳೆಯ ದಿಕ್ಕು ಇದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ, ಒಂದು ಕಡೆ ಸಲೀಸಾಗಿ ಸುರುಳಿಯಾಗುತ್ತದೆ, ಇನ್ನೊಂದು ಕಡೆ ಮೊಂಡು ಹಿಡಿಯುತ್ತದೆ. ಒಡಲಿನ ತುಂಡುಗಳು ಸಲೀಸಾದ ದಿಕ್ಕಿಗೇ ಸುತ್ತಿಕೊಳ್ಳುವಂತಿರಬೇಕು. ಪ್ರಿಂಟ್ ತೆಗೆಯುವ ಮೊದಲು ಇದನ್ನು ನೋಡಿಕೊಂಡರೆ ಅರ್ಧ ಸುಕ್ಕುಗಳು ಹುಟ್ಟುವುದೇ ಇಲ್ಲ.

ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಫಾರ್ಮರ್‌ಗಳಲ್ಲಿ. ಫಾರ್ಮರ್ ಅಂದರೆ ಒಡಲಿನೊಳಗೆ ಅಡ್ಡಲಾಗಿ ನಿಂತು ಆಕಾರ ಕೊಡುವ ರಟ್ಟಿನ ಬಿಲ್ಲೆ. ಇವನ್ನು ಪ್ರಿಂಟ್ ಹಾಳೆಯಿಂದ ರಟ್ಟಿಗೆ ಅಂಟಿಸಿ ಕತ್ತರಿಸಬೇಕು. ಎಷ್ಟು ದಪ್ಪದ ರಟ್ಟು ಎಂಬುದನ್ನು ಸಾಮಾನ್ಯವಾಗಿ ನಕ್ಷತ್ರದ ಗುರುತಿನಿಂದ ಹೇಳಿರುತ್ತಾರೆ, ಒಂದಕ್ಕೆ ಅರ್ಧ ಮಿ.ಮೀ., ಎರಡಕ್ಕೆ 1 ಮಿ.ಮೀ. ಎನ್ನುವುದು ಹಲವರ ರೂಢಿ, ನಿಮ್ಮ ಹಾಳೆಯ ಸೂಚನೆಯನ್ನು ಒಮ್ಮೆ ನೋಡಿಕೊಳ್ಳಿ. ಗೆರೆಯ ಹೊರಗೆ ಕತ್ತರಿಸಿದರೆ ಏನಾಗುತ್ತದೆ ನೋಡಿ: ಬಿಲ್ಲೆಯ ತ್ರಿಜ್ಯ ಬರೀ 0.2 ಮಿ.ಮೀ. ಹೆಚ್ಚಾದರೆ ಸುತ್ತಳತೆ 1.25 ಮಿ.ಮೀ.ಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. 160 ಜಿಎಸ್‌ಎಂ ಕಾಗದದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ, 0.2 ಮಿ.ಮೀ. ಕಾಗದದ ಒಂದು ಪದರದಷ್ಟು ಬಿಲ್ಲೆ ದೊಡ್ಡದಾಯಿತೆಂದರೆ ಹೊದಿಕೆಯ ಎರಡು ತುದಿಗಳು ಕೂಡುವಲ್ಲಿ ಒಂದು ಮಿ.ಮೀ.ಗೂ ಮಿಕ್ಕ ಸಂದು ಬಾಯಿಬಿಡುತ್ತದೆ. ಆಗ ಜನ ಹೊದಿಕೆಯನ್ನು ಎಳೆದು ಹಿಗ್ಗಿಸಲು ನೋಡುತ್ತಾರೆ. ಕಾಗದ ಹಿಗ್ಗುವುದಿಲ್ಲ, ಹರಿಯುತ್ತದೆ. ಗೆರೆಯ ಒಳಮೈಗೆ ಕತ್ತರಿಸಿ, ಅಂಟು ಹಾಕದೆ ಒಮ್ಮೆ ಕೂರಿಸಿ ನೋಡಿ, ಬಿಗಿಯಾದರೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಬಿಲ್ಲೆ ಸ್ವಲ್ಪ ಸಡಿಲವಾದರೆ ಅಂಚಿಗೊಂದು ಕಾಗದದ ಪಟ್ಟಿ ಸುತ್ತಿ ಸರಿಮಾಡಬಹುದು.

ಕೆಲಸ ಮೂಗಿನಿಂದ ಶುರು ಮಾಡಬೇಡಿ. ಪೈಲಟ್ ಕೂರುವ ಭಾಗ ಮೊದಲು, ಅಲ್ಲಿಂದ ಮುಂದಕ್ಕೆ ಒಂದು ತುಂಡು, ಹಿಂದಕ್ಕೆ ಒಂದು ತುಂಡು, ಹೀಗೆ ಬೆಳೆಸುತ್ತಾ ಹೋಗಿ. ಸಣ್ಣ ತಪ್ಪುಗಳು ಎರಡು ತುದಿಗೆ ಹಂಚಿಹೋಗುತ್ತವೆ. ಪ್ರತಿ ತುಂಡಿನ ಸಂದೂ ಹೊಟ್ಟೆಯ ಕಡೆ ಬರಲಿ.

ಅಂಟಿಗೆ ಫೆವಿಕಾಲ್ ತರಹದ ಬಿಳಿ ಅಂಟು ಸಾಕು, ಆದರೆ ಟ್ಯೂಬಿನಿಂದ ನೇರ ಹಿಂಡಬಾರದು. ಒಂದು ಚೂರು ರಟ್ಟಿನ ಮೇಲೆ ಹಾಕಿಕೊಂಡು ಕಡ್ಡಿಯ ತುದಿಯಿಂದ ಸವರಿ. ಅದರಲ್ಲಿ ನೀರಿದೆ, ದೊಡ್ಡ ಮೈಗೆ ಬಳಿದರೆ ಕಾಗದ ಸೊಟ್ಟಗಾಗುತ್ತದೆ. ಫಾರ್ಮರ್ ಹಾಳೆಯನ್ನು ರಟ್ಟಿಗೆ ಅಂಟಿಸುವಂಥ ಕಡೆ ನೀರಿಲ್ಲದ ರಬ್ಬರ್ ಅಂಟು ಬಳಸಿ, ಒಣಗುವ ತನಕ ದಪ್ಪ ಪುಸ್ತಕದಡಿ ಇಡಿ. ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಅಂಟಿಸುವುದಕ್ಕಿಂತ ಗಟ್ಟಿಮಾಡುವುದಕ್ಕೆ ಹೆಚ್ಚು ಉಪಯೋಗ. ಪ್ರೊಪೆಲ್ಲರ್ ಮುಂದಿನ ಶಂಕು, ರೆಕ್ಕೆಯ ದುಂಡನೆಯ ತುದಿ ಇಂಥವಕ್ಕೆ ಕುಡಿಸಿದರೆ ಕಾಗದ ಗಡುಸಾಗುತ್ತದೆ, ಉಜ್ಜಿ ಬಣ್ಣ ಹಚ್ಚಬಹುದು. ಕಿಟಕಿ ತೆರೆದಿಡಿ, ಹೊಗೆ ಕಣ್ಣು ಉರಿಸುತ್ತದೆ.

ಕತ್ತರಿಸಿದ ಪ್ರತಿ ಅಂಚಿಗೂ ಅಂಟಿಸುವ ಮೊದಲು ಜಲವರ್ಣ ಸವರಿ. ಬೇಸರದ ಕೆಲಸ ನಿಜ. ಆದರೆ ಬಿಳಿ ಅಂಚು ಉಳಿದ ಮಾದರಿ ಎಷ್ಟೇ ಚೊಕ್ಕವಾಗಿದ್ದರೂ ದೂರದಿಂದಲೇ 'ಕಾಗದ' ಎಂದು ಕೂಗುತ್ತದೆ.

ರೆಕ್ಕೆಯ ಮುಂದಿನ ಅಂಚನ್ನು ಉಗುರಿನಿಂದ ಗೀರಿ ಮಡಿಸಬೇಡಿ, ಅದು ದುಂಡಗಿರಬೇಕು. ಪೆನ್ಸಿಲ್ ಮೇಲೆ ಉರುಳಿಸಿ ಬಾಗಿಸಿ. ಹಿಂದಿನ ಅಂಚು ಇದಕ್ಕೆ ವಿರುದ್ಧ, ಎಷ್ಟು ತೆಳುವಾದರೆ ಅಷ್ಟು ಚೆಂದ. ಒಳಮೈಯನ್ನು ಸ್ವಲ್ಪ ಉಜ್ಜಿ ತೆಳುಮಾಡಿ ಕೊನೆಯಲ್ಲಿ ಅಂಟಿಸಿ. ಆ ಹೊತ್ತಿನಲ್ಲಿ ರೆಕ್ಕೆಯನ್ನು ಕೈಯಲ್ಲಿ ಹಿಡಿದಿದ್ದರೆ ತಿರುಚಿಕೊಳ್ಳುತ್ತದೆ, ಒಮ್ಮೆ ತಿರುಚಿ ಒಣಗಿದ ರೆಕ್ಕೆ ನೆಟ್ಟಗಾಗುವುದಿಲ್ಲ. ಮೇಜಿನ ಮೇಲೆ ಮಲಗಿಸಿ, ತುಸುತುಸುವೇ ಅಂಟಿಸುತ್ತಾ ಹೋಗಿ. ಹರಿಕೇನ್‌ನ ನಡುರೆಕ್ಕೆ ಅಡ್ಡಕ್ಕೆ ನೇರವಾಗಿದೆ, ಹೊರಗಿನ ಭಾಗ ಮಾತ್ರ ಮೇಲಕ್ಕೆ ಏರುತ್ತದೆ. ಮುಂದಿನಿಂದ ಬಿಡಿಸಿದ ನಕ್ಷೆಯನ್ನು ಪಕ್ಕದಲ್ಲಿಟ್ಟು ಎರಡೂ ಕಡೆಯ ಏರು ಒಂದೇ ಇದೆಯೇ ನೋಡಿ.

ಪ್ರೊಪೆಲ್ಲರ್‌ಗೆ ಒಂದು ಉಪಾಯ. ಮೊದಮೊದಲ ಹರಿಕೇನ್‌ಗಳಿಗೆ ಮರದ, ಎರಡೇ ಅಲಗಿನ ಪ್ರೊಪೆಲ್ಲರ್ ಇತ್ತು. ಆ ರೂಪದ ಹಾಳೆ ಸಿಕ್ಕರೆ ಮೂರು ಅಲಗುಗಳನ್ನು ಸಮಕೋನದಲ್ಲಿ ಕೂರಿಸುವ ಪಾಡು ತಪ್ಪುತ್ತದೆ.

ಕುಗ್ಗಿಸುವ ಪ್ರಶ್ನೆ. 1:33 ಹಾಳೆಯನ್ನು 68.75%ಕ್ಕೆ ಇಳಿಸಿದರೆ 1:48 ಆಗುತ್ತದೆ, ಸುಮಾರು 45.8%ಕ್ಕೆ ಇಳಿಸಿದರೆ 1:72. ಲೆಕ್ಕ ಸುಲಭ, ಆದರೆ ಚಿತ್ರ ಕುಗ್ಗುತ್ತದೆಯೇ ಹೊರತು ಕಾಗದದ ದಪ್ಪ ಕುಗ್ಗುವುದಿಲ್ಲ. 1 ಮಿ.ಮೀ. ರಟ್ಟಿಗೆಂದು ಬಿಡಿಸಿದ ಸೀಳು 0.69 ಮಿ.ಮೀ. ಆಗುತ್ತದೆ, ಅದರೊಳಗೆ ಅದೇ ರಟ್ಟು ಹೋಗುವುದಿಲ್ಲ. ಮೊದಲ ಸಲಕ್ಕೆ ಬೇಡವೇ ಬೇಡ. ಹರಿಕೇನ್‌ನ ರೆಕ್ಕೆಯ ಅಗಲ 12.19 ಮೀಟರ್, 1:33ರಲ್ಲಿ 37 ಸೆಂ.ಮೀ., ಸ್ಪಿಟ್‌ಫೈರ್‌ಗಿಂತ ಮೂರು ಸೆಂ.ಮೀ. ಹೆಚ್ಚು. ಕಪಾಟಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಚಕ್ರ ಮಡಚಿಕೊಂಡ ಸ್ಥಿತಿಯಲ್ಲಿ ಕಟ್ಟಿ ಚಾವಣಿಯಿಂದ ತೂಗುಹಾಕಿ, ಚಕ್ರ ಮತ್ತು ಕಾಲುಗಳ ನಾಜೂಕಿನ ಕೆಲಸವೂ ಉಳಿಯುತ್ತದೆ. ನೂಲನ್ನು ಮಾತ್ರ ಬೆನ್ನು ಮುಚ್ಚುವ ಮೊದಲೇ ಪೈಲಟ್ ಹಿಂದಿನ ಫಾರ್ಮರ್‌ಗೆ ಗಂಟು ಹಾಕಿ ಹೊರಗೆ ತೆಗೆದಿಟ್ಟುಕೊಳ್ಳಿ.