ಹೊಸ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಕಂಪನಿಲಿ ಒಳ್ಳೆ ಟೀಮ್ ಕಟ್ಟೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ: ಮೂರು ಜನ ಸೇರಿ ಕಂಪನಿ ಶುರು ಮಾಡಿದೀರ, ನಿಮ್ಮ ಮೂವರನ್ನ ಬಿಟ್ಟು ಆರು ಜನ ಡೆವಲಪರ್ಸ್ ಇದಾರೆ, ಕ್ಲೈಂಟ್ಸ್ ನಾಲ್ಕು, ಕೆಲಸಕ್ಕೇನೂ ಬರ ಇಲ್ಲ. ಆದ್ರೆ ಒಳ್ಳೊಳ್ಳೆಯವರನ್ನೇ ಆರಿಸಿ ತಗೊಂಡ್ರೂ ಟೀಮ್ ಅಂತ ಅನ್ನಿಸ್ತಿಲ್ಲ, ಸಣ್ಣಪುಟ್ಟದ್ದಕ್ಕೂ ನಿಮ್ಮ ಮೂವರ ಹತ್ರನೇ ಬರ್ತಾರೆ, ಅದ್ರ ಮೇಲೆ ಒಬ್ರಿಗೆ ಕ್ಲೈಂಟೇ ಕೆಲಸದ ಆಫರ್ ಕೊಟ್ಟು ಕೂತಿದಾರೆ. ಹೈರಿಂಗಲ್ಲಿ ಏನು ಬದಲಾಯಿಸ್ಬೇಕು ಅಂತ ಕೇಳಿದೀರ.

ನಾನು ಇಂಥದ್ದೇ ಒಂದು ಕಂಪನಿ ಚಿಕ್ಕದಿದ್ದಾಗಿಂದ ಅಲ್ಲಿ ಡೆಲಿವರಿ, ಅಂದ್ರೆ ಕ್ಲೈಂಟ್ ಕೆಲಸ ಮುಗಿಸಿ ಕೊಡೋದನ್ನ, ನೋಡ್ಕೊಂಡು ಬಂದೋನು. ಆ ಕಡೆಯಿಂದ ಹೇಳೋದಾದ್ರೆ ನಿಮ್ಮ ತೊಂದರೆ ಹೈರಿಂಗಲ್ಲಿ ಇರೋ ಹಾಗೆ ಕಾಣಲ್ಲ, ಜನರನ್ನ ಹಂಚಿರೋ ರೀತಿಲಿ ಇದೆ. ಆರು ಜನ, ನಾಲ್ಕು ಕ್ಲೈಂಟ್, ಅಂದ್ರೆ ಕಮ್ಮಿ ಅಂದ್ರೂ ಇಬ್ರು ಒಬ್ಬೊಬ್ಬರೇ ಒಂದೊಂದು ಕ್ಲೈಂಟ್ ಹತ್ರ ಇದಾರೆ. ಅವ್ರ ದಿನ ಹೇಗಿರತ್ತೆ ಅಂತ ಸುಮ್ನೆ ಯೋಚನೆ ಮಾಡಿ ನೋಡಿ. ಬೆಳಗ್ಗೆ ಸ್ಟ್ಯಾಂಡಪ್ (ದಿನದ ಚಿಕ್ಕ ಮೀಟಿಂಗ್) ಕ್ಲೈಂಟ್ ಜೊತೆ, ಚಾಟ್ ಗ್ರೂಪ್ ಕ್ಲೈಂಟ್‌ದು, ಕೋಡ್ ರಿವ್ಯೂ (ಬರೆದ ಕೋಡನ್ನ ಇನ್ನೊಬ್ರು ಓದಿ ನೋಡೋದು) ಮಾಡಿದ್ರೆ ಕ್ಲೈಂಟ್ ಕಡೆಯವರು ಯಾರೋ ಮಾಡ್ಬೇಕು ಇಲ್ಲಾಂದ್ರೆ ಯಾರೂ ಮಾಡಲ್ಲ, ರಜೆ ಹಾಕಿದ್ರೆ ಕೆಲಸ ನಿಂತು ಹೋಗತ್ತೆ ಅಂತ ಹುಷಾರಿಲ್ದೆ ಇದ್ರೂ ಲಾಗಿನ್ ಆಗ್ತಾರೆ, ಸಿಕ್ಕಾಕ್ಕೊಂಡಾಗ ಕೇಳೋಕೆ ಪಕ್ಕದಲ್ಲಿ ಯಾರೂ ಇಲ್ಲ ಅಂತ ನಿಮಗೆ ಫೋನ್ ಮಾಡ್ತಾರೆ. ನಿಮ್ಮ ಕಂಪನಿ ಜೊತೆ ಅವ್ರಿಗಿರೋ ಸಂಬಂಧ ಅಂದ್ರೆ ಟೈಮ್‌ಶೀಟ್ ಮತ್ತೆ ಸಂಬಳ, ಅಷ್ಟೇ. ಇಂಥವರು ಎಷ್ಟೇ ಬುದ್ಧಿವಂತರಾಗಿರ್ಲಿ, ಅವರನ್ನೆಲ್ಲ ಕೂಡಿಸಿದ್ರೆ ಟೀಮ್ ಆಗಲ್ಲ, ಪೇರೋಲ್ ಲಿಸ್ಟ್ ಆಗತ್ತೆ.

ಹಾಗಾಗಿ ಮೊದಲನೇ ನಿಯಮ, ಯಾರನ್ನೂ ಒಂಟಿಯಾಗಿ ಕ್ಲೈಂಟ್ ಹತ್ರ ಬಿಡ್ಬೇಡಿ. ಒಂದು ಪ್ರಾಜೆಕ್ಟ್‌ಗೆ ಕಮ್ಮಿ ಅಂದ್ರೂ ಇಬ್ರು. "ಕ್ಲೈಂಟ್ ಹತ್ರ ಒಬ್ರಿಗೆ ಮಾತ್ರ ಬಜೆಟ್ ಇದೆ" ಅಂತೀರ, ಗೊತ್ತು, ಎಲ್ರೂ ಹಾಗೇ ಅನ್ನೋದು. ಅದಕ್ಕೆ ನಾವು ಮಾಡ್ತಿದ್ದಿದ್ದು ಏನಂದ್ರೆ ಒಬ್ರು ಪೂರ್ತಿ, ಇನ್ನೊಬ್ರು ವಾರಕ್ಕೆ ಕೆಲವೇ ಗಂಟೆ, ಬರೀ ರಿವ್ಯೂ ಮಾಡೋಕೆ, ಡಿಸೈನ್ ಮಾತಾಡೋಕೆ, ಮೊದಲನೆಯವರು ರಜೆಲಿದ್ದಾಗ ನೋಡ್ಕೊಳ್ಳೋಕೆ. ಆ ಗಂಟೆಗಳನ್ನ ಬೇರೆ ಸಾಲಾಗಿ ತೋರಿಸಿದ್ರೆ ಕ್ಲೈಂಟ್ ಮೊದಲು ಕತ್ತರಿಸೋದು ಅದನ್ನೇ, ಆದ್ರಿಂದ ರೇಟಲ್ಲೇ ಸೇರಿಸಿಬಿಡಿ, "ನಮ್ಮಲ್ಲಿ ಕೆಲಸ ಮಾಡೋ ರೀತಿನೇ ಇದು" ಅಂತ ಹೇಳಿ. ಅರ್ಧಕ್ಕೆ ಅರ್ಧ ಹಂಚೋದು ಮಾತ್ರ ಬೇಡ. ಒಬ್ಬರನ್ನ ಎರಡು ಪ್ರಾಜೆಕ್ಟ್‌ಗೆ ಐವತ್ತೈವತ್ತು ಪರ್ಸೆಂಟ್ ಅಂತ ಹಾಕಿದ್ರೆ ಎರಡು ಸ್ಟ್ಯಾಂಡಪ್, ಎರಡು ಕಡೆ ಅರ್ಜೆಂಟು, ಎರಡೂ ಕಡೆ "ಇವ್ರು ಸಿಗೋದೇ ಇಲ್ಲ" ಅನ್ನೋ ಕಂಪ್ಲೇಂಟು.

ಇದು ಆಗ್ಬೇಕು ಅಂದ್ರೆ ರೇಟ್ ಸರಿ ಇರ್ಬೇಕು, ಇಲ್ಲೇ ತುಂಬಾ ಜನ ಎಡವೋದು. ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ, ಒಟ್ಟು 2080 ಗಂಟೆ. ವರ್ಷದ ಖರ್ಚನ್ನ ಇದರಿಂದ ಭಾಗಿಸಿ, ಮೇಲೆ ಸ್ವಲ್ಪ ಲಾಭ ಇಟ್ಟು ರೇಟ್ ಹೇಳಿಬಿಡ್ತಾರೆ. ಆದ್ರೆ ರಜೆ, ಹಬ್ಬ, ಹುಷಾರಿಲ್ದೆ ಇರೋ ದಿನ ಎಲ್ಲ ಸೇರಿ ಒಂದು ಆರು ವಾರ ತೆಗೀರಿ, 1840 ಗಂಟೆ ಉಳಿಯತ್ತೆ. ಅದ್ರಲ್ಲೂ ರಿವ್ಯೂ, ಇಂಟರ್‌ವ್ಯೂ ತಗೊಳ್ಳೋದು, ಹೊಸ ಪ್ರಪೋಸಲ್‌ಗೆ ಎಸ್ಟಿಮೇಟ್ ಹಾಕೋದು, ಕಲಿಯೋದು, ಎರಡು ಪ್ರಾಜೆಕ್ಟ್ ಮಧ್ಯೆ ಕ್ಲೈಂಟ್ ಕೆಲಸ ಇಲ್ದೆ ಬೆಂಚಲ್ಲಿ ಕೂರೋದು ಇವಕ್ಕೆಲ್ಲ ಸಮಯ ಬೇಕು. 80 ಪರ್ಸೆಂಟ್ ಗಂಟೆಗೆ ಕ್ಲೈಂಟ್ ದುಡ್ಡು ಕೊಡ್ತಾರೆ, ಅಂದ್ರೆ ಬಿಲ್ ಆಗತ್ತೆ ಅಂತ ಇಟ್ಕೊಂಡ್ರೆ ಕೈಗೆ ಸಿಗೋದು ಸುಮಾರು 1470 ಗಂಟೆ. 2080ಕ್ಕೂ 1470ಕ್ಕೂ ಇರೋ ಅಂತರ ನಿಮ್ಮ ರೇಟಲ್ಲಿ ಇಲ್ದೇ ಹೋದ್ರೆ ಅದನ್ನ ಟೀಮ್ ತುಂಬಿಸ್ಬೇಕು, ಶನಿವಾರ ಭಾನುವಾರ ಕೂತು. ಆಮೇಲೆ ನೀವು ಎಷ್ಟು ಔಟಿಂಗ್ ಕರ್ಕೊಂಡು ಹೋದ್ರೂ ಅಷ್ಟೇ. ಜನ ಬಿಟ್ಟು ಹೋಗೋಕೆ ಕಾರಣ ಮ್ಯಾನೇಜರ್ ಅಂತಾರೆ, ಕನ್ಸಲ್ಟಿಂಗಲ್ಲಿ ಎಷ್ಟೋ ಸಲ ಆ ಕಾರಣ ಎಕ್ಸೆಲ್ ಶೀಟಲ್ಲೇ ಇರತ್ತೆ.

ಎಸ್ಟಿಮೇಟ್ ವಿಷಯ ಬಂತಲ್ಲ, ಅದನ್ನ ಕೆಲಸ ಮಾಡೋರೇ ಹಾಕ್ಬೇಕು. ನೀವು ಮೂವರು ಮೀಟಿಂಗಲ್ಲಿ ಒಪ್ಕೊಂಡು ಬಂದ ತಾರೀಖು ಅವ್ರ ತಾರೀಖಲ್ಲ, ತಪ್ಪಿದ್ರೆ ಅವ್ರಿಗೆ ಬೇಜಾರೂ ಆಗಲ್ಲ.

ಪ್ರಾಜೆಕ್ಟ್ ಲೇಟಾದಾಗ ಜನ ಸೇರಿಸೋ ಆಸೆ ಬರತ್ತೆ. ಲೇಟಾಗಿರೋ ಪ್ರಾಜೆಕ್ಟ್‌ಗೆ ಜನ ಸೇರಿಸಿದ್ರೆ ಇನ್ನೂ ಲೇಟಾಗತ್ತೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ರು, ಐಬಿಎಮ್‌ನ ಓಎಸ್ 360 ಅನ್ನೋ ಆಪರೇಟಿಂಗ್ ಸಿಸ್ಟಮ್ ಕೆಲಸ ನಡೆಸಿದ ಅನುಭವದಿಂದ. ನಾಲ್ಕು ಜನ ಇದ್ರೆ ಒಬ್ರಿಗೊಬ್ರು ಮಾತಾಡ್ಕೊಳ್ಳೋ ಜೋಡಿಗಳು 6, ಎಂಟು ಜನ ಆದ್ರೆ 28. ಇದು ಎಲ್ರಿಗೂ ಬಾಯಿಪಾಠ, ಆದ್ರೂ ನಮ್ಮ ಬಿಸಿನೆಸಲ್ಲಿ ತಡ್ಕೊಳ್ಳೋದು ಕಷ್ಟ, ಯಾಕಂದ್ರೆ ಸೇರಿಸಿದ ಪ್ರತಿಯೊಬ್ರೂ ಬಿಲ್ ಆಗ್ತಾರೆ. "ಇನ್ನಿಬ್ರನ್ನ ಹಾಕಿ" ಅಂತ ಕ್ಲೈಂಟೇ ಕೇಳ್ತಿರುವಾಗ ಬೇಡ ಅನ್ನೋಕೆ ಗಟ್ಟಿ ಮನಸ್ಸು ಬೇಕು. ಜನ ಸೇರಿಸೋ ಬದಲು ಕೆಲಸ ಕಮ್ಮಿ ಮಾಡೋಣ, ಮೊದಲ ರಿಲೀಸಿಗೆ ಯಾವುದು ಬೇಡ ಹೇಳಿ ಅಂತ ಕೂತು ಮಾತಾಡಿ, ಬಹಳಷ್ಟು ಸಲ ಒಪ್ತಾರೆ.

ಇಷ್ಟಾದ್ಮೇಲೆ ಹೈರಿಂಗ್. ಕನ್ಸಲ್ಟಿಂಗಿಗೆ ಬೇಕಾಗೋ ಡೆವಲಪರ್ ಸ್ವಲ್ಪ ಬೇರೆ ಥರ, ಕೋಡ್ ಬರ್ಯೋದರಷ್ಟೇ ಬರಹ, ಮಾತು ಮುಖ್ಯ. ಪಜಲ್ ಕೇಳೋದೆಲ್ಲ ಬಿಟ್ಟು ಒಂದು ಮೇಲ್ ಕೊಟ್ಟು ನೋಡಿ, ನಮ್ಮಲ್ಲಿ ಎಲ್ರಿಗೂ ಒಂದೇ ಮೇಲ್ ಕೊಡ್ತಿದ್ವಿ. ಕ್ಲೈಂಟ್ ಬರೆದಿರೋ ಹಾಗೆ: "ರಿಪೋರ್ಟ್ ತುಂಬಾ ನಿಧಾನ ಇದೆ, ಶುಕ್ರವಾರದೊಳಗೆ ಸರಿ ಮಾಡಿ, ಹಾಗೇ ಎಕ್ಸೆಲ್‌ಗೆ ಡೌನ್‌ಲೋಡ್ ಮಾಡೋ ಬಟನ್ನೂ ಹಾಕಿಬಿಡಿ, ಸಣ್ಣ ಕೆಲಸ ಅಲ್ವಾ." ಕೆಳಗಡೆ ಹಳೆ ಮೇಲ್ ಒಂದು ಅಂಟಿಸಿರ್ತಿದ್ವಿ, ಅದ್ರಲ್ಲಿ ಅದೇ ಕ್ಲೈಂಟ್ ಡೇಟಾ ಹೊರಗೆ ಹೋಗ್ಬಾರ್ದು, ಡೌನ್‌ಲೋಡ್ ಎಲ್ಲೂ ಬೇಡ ಅಂತ ಬರೆದಿರತ್ತೆ. ಇದಕ್ಕೆ ಉತ್ತರ ಬರೀರಿ ಅಂತ ಅರ್ಧ ಗಂಟೆ ಕೊಡೋದು. ತುಂಬಾ ಜನ "ಖಂಡಿತ, ಶುಕ್ರವಾರದೊಳಗೆ ಮಾಡಿಕೊಡ್ತೀವಿ" ಅಂತ ಬರ್ದು ಕೈ ತೊಳ್ಕೋತಾರೆ. ಕೆಲವರು ಡೇಟಾಬೇಸ್ ಇಂಡೆಕ್ಸ್ ಬಗ್ಗೆ ಎರಡು ಪುಟ ಬರೀತಾರೆ. ನಾವು ಹುಡುಕ್ತಿದ್ದೋರು ಹೀಗೆ ಬರೀತಿದ್ರು: ಯಾವ ರಿಪೋರ್ಟು, ಎಷ್ಟು ತಿಂಗಳ ಡೇಟಾ ಹಾಕಿದಾಗ ನಿಧಾನ ಆಗತ್ತೆ ಅಂತ ಒಂದು ಪ್ರಶ್ನೆ, ಶುಕ್ರವಾರದೊಳಗೆ ಕಾರಣ ಹುಡುಕಿ ಹೇಳೋದು ಖಚಿತ ಆದ್ರೆ ಸರಿಪಡಿಸೋಕೆ ಎಷ್ಟು ದಿನ ಅನ್ನೋದು ಆಮೇಲೇ ಗೊತ್ತಾಗತ್ತೆ ಅಂತ ಒಂದು ಮಾತು, ಡೌನ್‌ಲೋಡ್ ಬೇಡ ಅಂತ ಮೊದಲು ಹೇಳಿದ್ರಿ, ಆ ನಿರ್ಧಾರ ಬದಲಾಗಿದ್ಯಾ ಅಂತ ಮೆತ್ತಗೆ ಒಂದು ನೆನಪು. ಅಷ್ಟೇ, ಏಳೆಂಟು ಸಾಲು. ಇಂಥವರಿಗೆ ನಿಮ್ಮ ಫ್ರೇಮ್‌ವರ್ಕ್ ಗೊತ್ತಿಲ್ದಿದ್ರೂ ಪರವಾಗಿಲ್ಲ, ಕಲೀತಾರೆ. ಹಾಂ, ಒಂದೆರಡು ದಿನ ಹಿಡಿಯೋ ಅಸೈನ್‌ಮೆಂಟ್ ಕೊಡೋದಾದ್ರೆ ದುಡ್ಡು ಕೊಟ್ಟು ಮಾಡಿಸಿ, ಬಿಟ್ಟಿ ಕೆಲಸ ಮಾಡಿಸ್ಕೊಳ್ಳೋದು ನಾಚಿಕೆಗೇಡು.

ಫ್ರೆಶರ್ಸ್ ಬಗ್ಗೆ ಹೇಳೋದಾದ್ರೆ, ಅವ್ರ ಕೋಡ್ ಓದಿ ಕೂರಿಸ್ಕೊಂಡು ಹೇಳಿಕೊಡೋಕೆ ಪುರುಸೊತ್ತಿರೋ ಸೀನಿಯರ್ ಇದ್ರೆ ಮಾತ್ರ ತಗೊಳ್ಳಿ. ಸಂಬಳ ಕಮ್ಮಿ ಅಂತ ತಗೊಂಡು ಸೀನಿಯರ್ ರೇಟಿಗೆ ಬಿಲ್ ಮಾಡೋರಿದಾರೆ, ಅವ್ರ ಹಾದಿ ಬೇಡ. ಬುದ್ಧಿವಂತ ಆದ್ರೆ ಬಾಯಿ ಕೆಟ್ಟದು ಅನ್ನೋ ಥರದವರೂ ಬೇಡ, ಒಂಬತ್ತು ಜನರ ಕಂಪನಿಲಿ ಅವ್ರಿಂದ ತಪ್ಪಿಸ್ಕೊಂಡು ಕೂರೋಕೆ ಜಾಗನೇ ಇರಲ್ಲ.

ಇನ್ನು ಎಲ್ಲ ನಿಮ್ಮ ತಲೆ ಮೇಲೇ ಬರೋ ವಿಷಯ. ಕ್ಲೈಂಟ್ ಕಡೆ ಪ್ರಾಡಕ್ಟ್ ಮ್ಯಾನೇಜರ್ ಸಂಜೆ ಹೊತ್ತಲ್ಲಿ ನಿಮ್ಮ ಡೆವಲಪರ್‌ಗೆ ನೇರವಾಗಿ ಪಿಂಗ್ ಮಾಡ್ತಾರೆ, "ಒಂದು ಡ್ರಾಪ್‌ಡೌನ್ ಅಷ್ಟೇ, ಹಾಕಿಬಿಡಿ." ಇವ್ರು ಸಂಕೋಚಕ್ಕೆ ಸರಿ ಅಂತಾರೆ. ನೋಡಿದ್ರೆ ಆ ಡ್ರಾಪ್‌ಡೌನ್‌ಗೆ ಲಿಸ್ಟ್ ಬರ್ಬೇಕಾಗಿರೋದು ಬೇರೆ ಸಿಸ್ಟಮ್‌ನಿಂದ, ಯಾರಿಗೆ ಯಾವ ಆಯ್ಕೆ ಕಾಣ್ಬೇಕು ಅನ್ನೋ ಪರ್ಮಿಷನ್ ಬೇರೆ, ಮೂರು ದಿನ ಹೋಯ್ತು. ಕಂಪನಿಗಳು ಇದಕ್ಕೆ ಕಂಡುಹಿಡಿಯೋ ಮದ್ದು ಏನು ಗೊತ್ತಾ, "ಇನ್ಮೇಲೆ ಕ್ಲೈಂಟ್ ಜೊತೆ ಮ್ಯಾನೇಜರ್ ಮಾತ್ರ ಮಾತಾಡ್ಬೇಕು." ಅಲ್ಲಿಗೆ ಟೀಮ್ ಮುಗೀತು, ಇನ್ನು ಬರೀ ಟಿಕೆಟ್ (ಬರೆದು ಕೊಟ್ಟ ಕೆಲಸ) ಮುಚ್ಚೋ ಜನ. ಅದರ ಬದಲು ಹೇಳೋಕೆ ಒಂದು ವಾಕ್ಯ ಕೊಡಿ: "ಮಾಡ್ಬಹುದು, ಇದನ್ನ ತಗೊಂಡ್ರೆ ಈ ವಾರದ ಕೆಲಸದಲ್ಲಿ ಯಾವುದು ಮುಂದಕ್ಕೆ ಹೋಗತ್ತೆ ಅಂತ ನೋಡಿ ನಾಳೆ ಬೆಳಗ್ಗೆ ಹೇಳ್ತೀನಿ." ಆಮೇಲೆ ಆ ವಾಕ್ಯದ ಹಿಂದೆ ನೀವು ನಿಲ್ಬೇಕು. ಕ್ಲೈಂಟ್ ಮುನಿಸ್ಕೊಂಡು ನಿಮಗೆ ಫೋನ್ ಮಾಡಿದಾಗ "ಅಯ್ಯೋ ಅದಕ್ಕೇನಂತೆ, ಮಾಡಿಸಿಬಿಡ್ತೀನಿ" ಅಂತ ಒಂದೇ ಒಂದು ಸಲ ಅಂದ್ರೂ ಸಾಕು, ಮುಂದೆ ಯಾರೂ ಆ ವಾಕ್ಯ ಹೇಳಲ್ಲ, ಎಲ್ಲ ನಿಮಗೇ ಫಾರ್ವರ್ಡ್ ಮಾಡ್ತಾರೆ. ನಿಮ್ಮಲ್ಲಿ ಈಗ ಆಗ್ತಿರೋದು ಇದೇ ಇರ್ಬಹುದು ಅಂತ ನನ್ನ ಗುಮಾನಿ.

ಕೆಟ್ಟ ಸುದ್ದಿನೂ ಹಾಗೇ. ಸ್ಟೇಟಸ್ ಕೇಳಿದ್ರೆ "ಆಲ್ಮೋಸ್ಟ್ ಆಯ್ತು, ಸ್ವಲ್ಪ ಬಾಕಿ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳ್ತಿದಾರೆ ಅಂದ್ರೆ ನಿಜ ಹೇಳಿದಾಗ ಯಾರೋ ಬೈಸ್ಕೊಂಡಿದಾರೆ ಅಂತ ತಿಳ್ಕೊಳ್ಳಿ. ಏಮಿ ಎಡ್ಮಂಡ್‌ಸನ್ ಅಂತ ಒಬ್ರು ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳು ಔಷಧಿ ಕೊಡೋದ್ರಲ್ಲಿ ಮಾಡೋ ತಪ್ಪುಗಳನ್ನ ಅಧ್ಯಯನ ಮಾಡಿದಾಗ ಚೆನ್ನಾಗಿ ನಡೀತಿದ್ದ ತಂಡಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಕಾಣಿಸ್ತು. ತಪ್ಪು ಜಾಸ್ತಿ ಮಾಡ್ತಿದ್ರು ಅಂತಲ್ಲ, ಅಲ್ಲಿ ಜನ ಹೆದರದೆ ಹೇಳ್ಕೋತಿದ್ರು ಅನ್ನೋದು ಅವ್ರಿಗೆ ಹೊಳೆದ ವಿವರಣೆ. ನಿಮ್ಮ ನಾಲ್ಕೂ ಪ್ರಾಜೆಕ್ಟ್ ಸ್ಟೇಟಸ್ ರಿಪೋರ್ಟಲ್ಲಿ ಯಾವಾಗ್ಲೂ ಗ್ರೀನಲ್ಲೇ, ಅಂದ್ರೆ ಎಲ್ಲ ಸರಿ ಅಂತಲೇ, ಇದ್ರೆ ಖುಷಿ ಪಡ್ಬೇಡಿ, ಒಂದು ಸಲ ಒಳಗೆ ಇಣುಕಿ ನೋಡಿ. ಪ್ರೊಡಕ್ಷನ್ (ಜನ ಬಳಸ್ತಿರೋ ಸಿಸ್ಟಮ್) ಬಿದ್ದಾಗ ಯಾರು ಬೀಳಿಸಿದ್ದು ಅನ್ನೋದನ್ನ ಪಕ್ಕಕ್ಕಿಟ್ಟು, ಏನಾಯ್ತು, ಮುಂದೆ ಏನು ಬದಲಾಯಿಸೋಣ ಅಂತ ಎಲ್ಲ ಕೂತು ಮಾತಾಡಿ, ಬರೆದಿಡಿ. ಆ ಪ್ರಾಜೆಕ್ಟಲ್ಲಿ ಇಲ್ದವರನ್ನೂ ಕೂರಿಸ್ಕೊಳ್ಳಿ, ಬೇರೆ ಬೇರೆ ಕ್ಲೈಂಟ್ ಕೆಲಸದಲ್ಲಿರೋರು ಒಬ್ರನ್ನೊಬ್ರು ನಿಜವಾಗಿ ತಿಳ್ಕೊಳ್ಳೋದು ಇಂಥ ಕಡೆನೇ.

ನೀವು ಮೂವರೂ ರಾತ್ರಿ ಕೂತು ಬೇರೆಯವ್ರ ಕೋಡ್ ಸರಿ ಮಾಡೋದನ್ನ ಬಿಡಿ, ಎಷ್ಟೇ ಕೈ ತುರಿಸಿದ್ರೂ. ಪ್ರತಿ ಪ್ರಾಜೆಕ್ಟ್‌ಗೂ ಟೀಮಿನವರಲ್ಲೇ ಒಬ್ಬ ಲೀಡ್ ಇರ್ಲಿ, ಬಜೆಟ್ ಎಷ್ಟು, ಎಷ್ಟು ಗಂಟೆ ಉಳಿದಿದೆ, ಇದ್ರಲ್ಲಿ ಲಾಭ ಇದ್ಯಾ ಅನ್ನೋ ಲೆಕ್ಕನೂ ಅವ್ರಿಗೆ ಗೊತ್ತಿರ್ಲಿ. ಲೆಕ್ಕ ಮುಚ್ಚಿಟ್ಟು ಜವಾಬ್ದಾರಿ ಮಾತ್ರ ತಗೊಳ್ಳಿ ಅಂದ್ರೆ ಯಾರು ತಗೋತಾರೆ?

ಕೊನೇದಾಗಿ ಆ ಆಫರ್ ಬಂದಿರೋರ ವಿಷಯ. ಅವ್ರು ಆ ಒಂಟಿ ಪ್ರಾಜೆಕ್ಟ್‌ನವರೇ ಅಂದ್ಕೊಂಡಿದೀನಿ. ಕಾಂಟ್ರಾಕ್ಟಲ್ಲಿ ಒಬ್ರ ಜನರನ್ನ ಇನ್ನೊಬ್ರು ಸೆಳೀಬಾರ್ದು ಅನ್ನೋ ಷರತ್ತು ಇದ್ಯಾ ನೋಡಿ, ಇದ್ರೆ ಕ್ಲೈಂಟ್ ಜೊತೆ ಮಾತಾಡಿ, ಆದ್ರೆ ಆ ಹಗ್ಗದಿಂದ ಆ ಡೆವಲಪರ್‌ನ ಕಟ್ಟಿಹಾಕೋಕೆ ಹೋಗ್ಬೇಡಿ, ಮನಸ್ಸು ಈಗಾಗ್ಲೇ ಅಲ್ಲಿದ್ರೆ ಹಿಡಿದಿಟ್ಟು ಪ್ರಯೋಜನ ಇಲ್ಲ. ಅವ್ರು ಹೋಗ್ಲಿ ಇರ್ಲಿ, ಆ ಪ್ರಾಜೆಕ್ಟ್‌ಗೆ ಈ ವಾರನೇ ಎರಡನೆಯವರನ್ನ ಹಾಕಿ, ನಿಮ್ಮ ಖರ್ಚಲ್ಲಾದ್ರೂ ಸರಿ, ಮೊದಲ ದಿನದ ಕೆಲಸ ಅಂದ್ರೆ ಯಾರನ್ನೂ ಕೇಳ್ದೆ ಬರೀ ರೀಡ್‌ಮಿ (ಕೋಡ್ ಜೊತೆ ಇರೋ ಸೂಚನೆ ಫೈಲ್) ಓದ್ಕೊಂಡು ಆ ಅಪ್ಲಿಕೇಶನ್‌ನ ತಮ್ಮ ಲ್ಯಾಪ್‌ಟಾಪಲ್ಲಿ ಓಡಿಸಿ ನೋಡೋದು. ಎಲ್ಲೆಲ್ಲಿ ನಿಂತ್ರು ಅಂತ ಪಟ್ಟಿ ಮಾಡಿಸಿ, ಇಬ್ರೂ ಸೇರಿ ಅದನ್ನ ತುಂಬ್ಲಿ. ರಿನ್ಯೂವಲ್ ಬಂದಾಗ ಕ್ಲೈಂಟ್‌ಗೆ ಇಬ್ರ ರೇಟ್ ಹೇಳಿ, ಒಪ್ಪದೇ ಹೋದ್ರೆ ಆ ಕ್ಲೈಂಟ್‌ನ ಬಿಟ್ಟು ಮೂರೇ ಇಟ್ಕೊಳ್ಳಿ, ಆರು ಜನಕ್ಕೆ ಮೂರು ಕ್ಲೈಂಟ್, ಜೋಡಿ ಸರಿಹೋಗತ್ತೆ.