ಕಾಡಡಿಕೆ ಮೊಳೆಯದಿರುವ ಬಗ್ಗೆ, ಎಲೆ ತುದಿ ಒಣಗುವ ಬಗ್ಗೆ

ತುಮಕೂರಿನ ಮಿತ್ರರೇ, ಕಾಡಡಿಕೆ (ಪಿನಾಂಗ ಡಿಕ್ಸೋನಿಯೈ) ಎಂಬ ಕಾಡುತಾಳೆಯ ಬೀಜ ಬಿತ್ತಿ ಎರಡು ತಿಂಗಳಾದರೂ ಮೊಳೆತಿಲ್ಲ, ತಂದು ನೆಟ್ಟ ಗಿಡದ ಎಲೆ ತುದಿಗಳೂ ಸುಟ್ಟಂತಾಗಿವೆ ಎಂದು ಬರೆದಿದ್ದೀರಿ. ಎರಡಕ್ಕೂ ಒಣಹವೆಯೇ ಕಾರಣವೆಂದು ನನ್ನ ಅಂದಾಜು.

ಈ ಬೀಜ ಒಣಗಿತೆಂದರೆ ಸತ್ತಿತೆಂದೇ ಲೆಕ್ಕ. ಅಂಚೆಯಲ್ಲಿ ಬರಿಯ ಕಾಗದದ ಲಕೋಟೆಯೊಳಗೆ ಬಂದಿದ್ದರೆ ಆಸೆ ಕಡಿಮೆ. ಒಂದನ್ನು ಅಡಕತ್ತರಿಯಿಂದ ಸೀಳಿ ನೋಡಿ. ಒಳಗೆ ಹಸಿ ಅಡಿಕೆಯಲ್ಲಿರುವಂತೆ ಬಿಳಿಯ ನಡುವೆ ಕಂದು ಗೆರೆಗಳಿದ್ದು, ತಿರುಳು ಗಟ್ಟಿಯಾಗಿದ್ದರೆ ಉಳಿದವನ್ನು ಇನ್ನೂ ಕೆಲವು ತಿಂಗಳು ಕಾಯಬಹುದು. ಬುಡದ ಮೊಳಕೆಯ ಜಾಗ ಕಪ್ಪಾಗಿ ಸುಕ್ಕುಗಟ್ಟಿದ್ದರೆ ಕಾದು ಪ್ರಯೋಜನವಿಲ್ಲ. ಮುಂದಿನ ಸಲ ಚೆನ್ನಾಗಿ ಕೆಂಪಾದ ಹಣ್ಣನ್ನೇ ಕೇಳಿ ಪಡೆದು, ಸಿಪ್ಪೆ ತೆಗೆದು, ಅದೇ ವಾರ ಎಲೆಗೊಬ್ಬರ ಮತ್ತು ಮರಳಿನ ಮಿಶ್ರಣದಲ್ಲಿ ಬೀಜವಷ್ಟೇ ಮುಚ್ಚುವಂತೆ ಬಿತ್ತಿರಿ. (ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇದನ್ನು ಮೊದಲು ಅಡಿಕೆಯ ಕುಲಕ್ಕೇ ಸೇರಿಸಿದ್ದರು. ಸಸಿಯ ಮೊದಲ ಸೀಳೆಲೆಯನ್ನು ಕಂಡರೆ ಆ ಎಣಿಕೆ ತಪ್ಪೆನಿಸುವುದಿಲ್ಲ.)

ಇನ್ನು ಗಿಡದ ಮಾತು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ದೊಡ್ಡ ಮರಗಳ ಅಡಿಯಲ್ಲಿ, ತೇವದ ಜಾಗಗಳಲ್ಲಿ, ಗುಂಪುಗುಂಪಾಗಿ ಬೆಳೆಯುವ ತಾಳೆ ಇದು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ನಿಮ್ಮಲ್ಲಿ ಅದರ ಹತ್ತರಲ್ಲೊಂದು ಪಾಲು ಸುರಿದರೆ ದೊಡ್ಡದು. ಆದ್ದರಿಂದ ಮನೆಯಂಗಳ ಬಿಟ್ಟು, ಅಡಿಕೆ ತೋಟದ ನಡುಭಾಗದಲ್ಲಿ, ಬಾಳೆಯ ನೆರಳೂ ಸೇರುವಲ್ಲಿ, ಮಧ್ಯಾಹ್ನದ ಬಿಸಿಲೂ ಬೇಸಿಗೆಯ ಬಿಸಿಗಾಳಿಯೂ ತಾಗದಂತೆ ನೆಡಿ. ಬಸಿಗಾಲುವೆಯ ಪಕ್ಕ ಒಳ್ಳೆಯದೇ, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಬುಡದ ಸುತ್ತ ತರಗೆಲೆಯನ್ನು ನಾಲ್ಕು ಬೆರಳು ದಪ್ಪ ಹಾಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಉಪ್ಪಿನಂಶವಿರುವ ಕೊಳವೆಬಾವಿಯ ನೀರು ಎಲೆ ತುದಿಯನ್ನು ಇನ್ನಷ್ಟು ಸುಡುತ್ತದೆ. ಒಂದೇ ಗಿಡವಾದ್ದರಿಂದ ಮಳೆನೀರು ಹಿಡಿದಿಟ್ಟು ಹಾಕುವುದು ಕಷ್ಟವಲ್ಲ. ಅಡಿಕೆಗೆ ಕೊಡುವ ರಾಸಾಯನಿಕ ಗೊಬ್ಬರವನ್ನು ಇದಕ್ಕೆ ಹಾಕಬೇಡಿ.

ಕಾಡಿನಿಂದ ಕಂದು, ಅಂದರೆ ಗಿಡದ ಬುಡದಲ್ಲಿ ಏಳುವ ಮರಿಗಿಡ, ಕಿತ್ತು ತರುವಂತೆ ನಿಮ್ಮ ಪ್ರಶ್ನೆಗೆ ಇಲ್ಲಿ ಒಬ್ಬರು ಸೂಚಿಸಿದ್ದಾರೆ. ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ತೆಗೆಯುವುದು ಅಪರಾಧ. ಅಲ್ಲದೆ, ತಾಯಿಗಿಡದ ಆಸರೆಯಲ್ಲೇ ಇರುವ ಎಳೆಯ ಕಂದಿಗೆ ಸ್ವಂತ ಬೇರು ಅಷ್ಟಾಗಿ ಇರುವುದಿಲ್ಲ, ಕಿತ್ತರೆ ಹೆಚ್ಚಿನವು ಬದುಕುವುದಿಲ್ಲ.

ಈಗಾಗಲೇ ಸುಟ್ಟ ತುದಿ ಮತ್ತೆ ಹಸಿರಾಗದು, ಅದನ್ನು ಕತ್ತರಿಸುವ ಅಗತ್ಯವೂ ಇಲ್ಲ. ಜಾಗ ಬದಲಿಸಿದ ಮೇಲೆ ಬರುವ ಹೊಸ ಸುಳಿ ಬಿಚ್ಚಿದಾಗ ಅದರ ತುದಿ ಹೇಗಿದೆಯೆಂದು ಚಿತ್ರಸಹಿತ ತಿಳಿಸಿ.