ಕೃಷಿ ಹೊಂಡದಲ್ಲಿ ಬ್ಲೂಫಿನ್ ಟ್ಯೂನಾ ಸಾಕಬಹುದಾ?

(ಓದುಗರ ಪ್ರಶ್ನೆಗಳಿಗೆ ಉತ್ತರಿಸುವವರು ಕಲಬುರಗಿಯ ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿ)

ಮೇಡಂ, ಜಪಾನಿನಲ್ಲಿ ಒಂದೇ ಮೀನು ಕೋಟಿಗಟ್ಟಲೆಗೆ ಹೋಯಿತು ಅಂತ ಮೊಬೈಲಿನಲ್ಲಿ ನೋಡಿದೆ. ನಮ್ಮ ಹೊಲದಲ್ಲಿ ಕೃಷಿ ಹೊಂಡ ಇದೆ. ಈ ಸಲ ತೊಗರಿ ಕೈಕೊಟ್ಟಿದೆ. ಆ ಮೀನಿನ ಮರಿ ಎಲ್ಲಿ ಸಿಗುತ್ತವೆ?
– ರೈತರೊಬ್ಬರು, ಅಫಜಲಪುರ

ಮರಿ ಕೊಡಿಸುತ್ತೇನೆ ಅಂತ ಯಾರಾದರೂ ಅಡ್ವಾನ್ಸ್ ಕೇಳಿದ್ದರೆ ಒಂದು ಪೈಸೆಯನ್ನೂ ಕೊಡಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಸುದ್ದಿ ಸುಳ್ಳಲ್ಲ. 2019ರ ಜನವರಿಯಲ್ಲಿ ಟೋಕಿಯೊದ ತೊಯೊಸು ಮಾರುಕಟ್ಟೆಯಲ್ಲಿ 278 ಕೆಜಿಯ ಬ್ಲೂಫಿನ್ ಟ್ಯೂನಾ 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ರೂಪಾಯಿಯಲ್ಲಿ 20 ಕೋಟಿಗೂ ಮೇಲೆ. ಆದರೆ ಅದು ಹೊಸ ವರ್ಷದ ಮೊದಲ ಹರಾಜು. ಜಾತ್ರೆಯಲ್ಲಿ ದೇವರ ಮುಂದಿನ ತೆಂಗಿನಕಾಯಿ ಸವಾಲಿನಲ್ಲಿ ಸಾವಿರಾರು ರೂಪಾಯಿಗೆ ಹೋಗುತ್ತದಲ್ಲ, ಹಾಗೆ. ಕೂಗಿದವರಿಗೆ ಹೆಸರು, ಅವರ ಹೋಟೆಲಿಗೆ ಪ್ರಚಾರ. ಮರುದಿನದ ರೇಟು ಅದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನು ಹೊಂಡದ ವಿಷಯ. ಕಳೆದ ಭಾನುವಾರ ಮೀನು ತರಲು ಹೋಗಿದ್ದೆ. ಮಾರುವವನ ಅಲ್ಯೂಮಿನಿಯಂ ಬುಟ್ಟಿಯಲ್ಲಿ ನಾಲ್ಕು ಬೆರಳು ನೀರು, ಅದರಲ್ಲಿ ಐದಾರು ಕೊರಮೀನು. ಒಂದು ಮೂತಿ ಮೇಲೆತ್ತಿ, ಒಂದು ಗುಟುಕು ಗಾಳಿ ನುಂಗಿ, ಮತ್ತೆ ಸುಮ್ನೆ ಕೂತಿತು. ಬೆಳಿಗ್ಗೆಯಿಂದ ಹಾಗೇ ಇವೆ ಅಂದ. ನಮ್ಮ ಕಾಟ್ಲಾ ಕೂಡ ನಿಂತ ನೀರಿನಲ್ಲಿ ಕಿವಿರಿನ ಮುಚ್ಚಳ ಬಡಿಯುತ್ತಾ ನೀರು ಎಳೆದುಕೊಳ್ಳುತ್ತದೆ. ಬ್ಲೂಫಿನ್‌ಗೆ ಆ ಸೌಕರ್ಯ ಇಲ್ಲ. ಅದು ಬಾಯಿ ತೆರೆದುಕೊಂಡು ಮುಂದೆ ಮುಂದೆ ಈಜಬೇಕು, ಆಗಲೇ ಕಿವಿರಿನ ಮೇಲೆ ನೀರು ಹರಿಯುವುದು. ನಿಂತರೆ ಉಸಿರು ಕಟ್ಟುತ್ತದೆ. ಹಗಲು ರಾತ್ರಿ, ಬದುಕಿರುವಷ್ಟು ದಿನವೂ ಈಜು. ಎರಡು ಮೀಟರ್ ದಾಟುವ ಈ ಸಮುದ್ರದ ಮೀನು ನಿಮ್ಮ ಸಿಹಿನೀರಿನ ಹೊಂಡದಲ್ಲಿ ಏನು ಮಾಡೀತು?

ಜಪಾನಿನ ಕಿಂದಾಯ್ ವಿಶ್ವವಿದ್ಯಾಲಯದವರು 1970ರಲ್ಲಿ ಇದನ್ನು ಸಾಕುವ ಕೆಲಸ ಶುರು ಮಾಡಿದರು. ಸಾಕಿದ ಮೀನಿನ ಮೊಟ್ಟೆಯಿಂದ ಮತ್ತೆ ಮರಿ ಮಾಡಲು 2002ರವರೆಗೆ ಕಾಯಬೇಕಾಯಿತು. 32 ವರ್ಷ! ಮರಿಗಳು ಒಂದನ್ನೊಂದು ತಿಂದವು. ಬೆಳೆದವು ರಾತ್ರಿ ಬೆಳಕು ಬಿದ್ದರೆ ಬೆದರಿ ಬಲೆಗೆ ಡಿಕ್ಕಿ ಹೊಡೆದು ಸತ್ತವು. ಒಂದು ಕೆಜಿ ಮಾಂಸ ಕೂಡಿಸಲು ಹತ್ತು ಕೆಜಿಗೂ ಜಾಸ್ತಿ ಸಣ್ಣ ಮೀನು ತಿನ್ನಿಸಬೇಕು. ನೀವು ರೋಹು, ಕಾಟ್ಲಾ ಬಿಡಿ. ಮರಿಗೆ ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ.

ಮೀನುಗಳು ಶೀತರಕ್ತ ಪ್ರಾಣಿಗಳು ಅಂತ ನಮ್ಮ ಪುಸ್ತಕದಲ್ಲಿದೆ. ಟ್ಯೂನಾ ಬಿಸಿರಕ್ತದ್ದು ಅಂತ ನಮ್ಮಣ್ಣ ವಾದ ಮಾಡುತ್ತಾನೆ. ಯಾರು ಸರಿ?
– ಪಿಯುಸಿ ವಿದ್ಯಾರ್ಥಿನಿ, ಬೀದರ್

ನಿಮ್ಮಣ್ಣ ಮುಕ್ಕಾಲು ಪಾಲು ಸರಿ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಪರೀಕ್ಷೆಯಲ್ಲಿ ‘ಕೆಲವು ಮೀನುಗಳ ಮೈ ಬೆಚ್ಚಗಿರುತ್ತದೆ’ ಅಂತ ಬರೆದಿದ್ದ. ಕೆಂಪು ಶಾಯಿಯಲ್ಲಿ ಗೀಟು ಹಾಕಿ ಎರಡು ಅಂಕ ಕಡಿದೆ. ಎಷ್ಟೋ ವರ್ಷದ ಮೇಲೆ ಓದಿದಾಗ ಗೊತ್ತಾಯಿತು, ಅಮೆರಿಕದ ಫ್ರ್ಯಾಂಕ್ ಕ್ಯಾರಿ ಎಂಬುವರು 1960ರ ದಶಕದಲ್ಲೇ ಬ್ಲೂಫಿನ್ ಮೈಗೆ ಥರ್ಮಾಮೀಟರ್ ಚುಚ್ಚಿ ನೋಡಿದ್ದರು. ನೀರು 7 ಡಿಗ್ರಿ ಇದ್ದರೂ ಒಳಗಿನ ಸ್ನಾಯು 25 ಡಿಗ್ರಿ ಆಸುಪಾಸು. ಆ ಹುಡುಗ ಈಗ ಎಲ್ಲಿದ್ದಾನೋ.

ಅದು ಹೇಗೆ ಸಾಧ್ಯ? ಎರಡು ಪೈಪು ಒಂದಕ್ಕೊಂದು ತಾಗಿಸಿ ಇಡಿ. ಒಂದರಲ್ಲಿ ಸೋಲಾರಿನ ಬಿಸಿನೀರು ಈ ಕಡೆಯಿಂದ ಬರಲಿ. ಇನ್ನೊಂದರಲ್ಲಿ ತಣ್ಣೀರು ಆ ಕಡೆಯಿಂದ ಬರಲಿ. ಹೋಗುಹೋಗುತ್ತಾ ಬಿಸಿನೀರು ತಣ್ಣಗಾಗುತ್ತದೆ, ತಣ್ಣೀರು ಬಿಸಿಯಾಗುತ್ತದೆ. ಬ್ಲೂಫಿನ್ ಮೈಯಲ್ಲಿ ಇಂಥ ಸಾವಿರಾರು ಕೂದಲೆಳೆಯ ರಕ್ತನಾಳಗಳು ಜೋಡಿಯಾಗಿ ಒತ್ತಿಕೊಂಡಿವೆ. ಈಜುವ ಸ್ನಾಯುವಿನಿಂದ ಬಿಸಿರಕ್ತ ಹೊರಟಿತು. ಅದು ಹಾಗೇ ಕಿವಿರಿಗೆ ಹೋದರೆ ಬಿಸಿಯೆಲ್ಲ ಸಮುದ್ರದ ಪಾಲು. ಆದರೆ ದಾರಿಯಲ್ಲೇ ಎದುರಿಗೆ ಬರುವ ತಣ್ಣನೆ ರಕ್ತಕ್ಕೆ ಬಿಸಿ ದಾಟಿಸಿಬಿಡುತ್ತದೆ. ಹುಟ್ಟಿದ ಬಿಸಿ ಮೈಯೊಳಗೇ ತಿರುಗುತ್ತದೆ. ಸ್ನಾಯುವಿನ ಜೊತೆಗೆ ಕಣ್ಣು, ಮಿದುಳು, ಹೊಟ್ಟೆಯೂ ಬೆಚ್ಚಗಿರುತ್ತವೆ.

ಮುಕ್ಕಾಲು ಪಾಲು ಅಂದಿದ್ದು ಯಾಕೆ ಅಂದರೆ, ಹೃದಯ ಮಾತ್ರ ತಣ್ಣಗೇ ಇರುತ್ತದೆ. ಅದಿರುವುದು ಕಿವಿರಿನ ಪಕ್ಕದಲ್ಲಿ, ಬಿಸಿ ಕಳೆದುಕೊಂಡು ಬಂದ ರಕ್ತವೇ ಅದಕ್ಕೆ ಗತಿ. ಜನವರಿಯಲ್ಲಿ ಬೀದರಿನ ನಲ್ಲಿ ನೀರಿಗೆ ಕೈ ಒಡ್ಡಿ ನೋಡಿ. ಅದಕ್ಕಿಂತ ತಣ್ಣನೆಯ ನೀರಿಗೆ ಇಳಿದಾಗಲೂ ಆ ಹೃದಯ ಬಡಿಯುತ್ತಲೇ ಇರಬೇಕು. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಉತ್ತರ ಬರೆದು, ಪಕ್ಕದಲ್ಲಿ ‘ಟ್ಯೂನಾ ಬೇರೆ’ ಅಂತ ಸೇರಿಸಮ್ಮ.

ನಮ್ಮದು ಭೀಮಾ ನದಿಯಲ್ಲಿ ಮೀನು ಹಿಡಿಯುವ ಮನೆತನ. ಇಲ್ಲೇ ಬೆರಳುದ್ದದ ಮರಿ ಬಳಿಯುವವರನ್ನು ತಡೆಯಲು ಆಗುತ್ತಿಲ್ಲ. ಯಜಮಾನರೇ ಇಲ್ಲದ ಸಮುದ್ರದಲ್ಲಿ ಬ್ಲೂಫಿನ್ ಮತ್ತೆ ಹೆಚ್ಚಾಯಿತು ಅಂತಾರೆ. ನಂಬಬಹುದಾ?
– ಓದುಗರು, ಯಾದಗಿರಿ

ನಂಬಬಹುದು. ಆದರೆ ಒಳ್ಳೆಯ ಬುದ್ಧಿ ತಾನಾಗಿ ಬಂದದ್ದಲ್ಲ.

ಅಟ್ಲಾಂಟಿಕ್ ಟ್ಯೂನಾ ನೋಡಿಕೊಳ್ಳಲು ಹಲವು ದೇಶಗಳು ಕೂಡಿ 1966ರಲ್ಲಿ ಒಪ್ಪಂದ ಮಾಡಿಕೊಂಡವು. ಆ ಆಯೋಗದ ಹೆಸರು ಇಕ್ಕಾಟ್, ಕಚೇರಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ. ಬಹಳ ಕಾಲ ಅದು ಹೆಸರಿಗೆ ಇತ್ತು ಅಷ್ಟೇ. ಮೆಡಿಟರೇನಿಯನ್ ಕಡೆಗೆ 2007ರಲ್ಲಿ ಹಿಡಿಯಲು ಬಿಟ್ಟದ್ದು 29,500 ಟನ್. ನಿಜಕ್ಕೂ ಹಿಡಿದದ್ದು ಸುಮಾರು 61,000 ಟನ್ ಅಂತ ಆಯೋಗದ ವಿಜ್ಞಾನಿಗಳೇ ಲೆಕ್ಕ ಹಾಕಿದರು. ಅಂದರೆ ಎರಡರಷ್ಟು! 2010ರಲ್ಲಿ, ಅಳಿವಿನ ಅಂಚಿನ ಜೀವಿಗಳ ವ್ಯಾಪಾರದ ಬಗ್ಗೆ ದೋಹಾದಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ ಮೊನಾಕೊ ದೇಶ ‘ಈ ಮೀನಿನ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಲ್ಲಿಸಿ’ ಅಂದಿತು. ಮತಕ್ಕೆ ಹಾಕಿದಾಗ ಸೋತಿತು. ಆದರೆ ಆ ಹೆದರಿಕೆ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ. ಆ ವರ್ಷದ ಕೋಟಾ 13,500 ಟನ್ನಿಗೆ ಇಳಿಯಿತು, ಮುಂದಿನ ವರ್ಷ 12,900ಕ್ಕೆ. ಈ ಸಲ ಕಾವಲೂ ಗಟ್ಟಿ ಇತ್ತು.

ನಿಮಗೆ ಬೇಕಾದ ಮಾತು ಇದು: 30 ಕೆಜಿಗಿಂತ ಸಣ್ಣದನ್ನು ಹಿಡಿಯಬಾರದು ಅಂತ ನಿಯಮ ಮಾಡಿದರು, ಕೆಲವು ವಿನಾಯಿತಿ ಬಿಟ್ಟು. ಯಾಕೆ 30? ಅಲ್ಲಿಯ ಬ್ಲೂಫಿನ್ ಮೊಟ್ಟೆಗೆ ಬರುವುದು ಸುಮಾರು ನಾಲ್ಕು ವರ್ಷಕ್ಕೆ, ಹೆಚ್ಚುಕಡಿಮೆ ಅಷ್ಟು ತೂಕಕ್ಕೆ. ಒಂದು ಸಲವಾದರೂ ಮೊಟ್ಟೆ ಇಟ್ಟ ಮೇಲೆ ಹಿಡಿ ಅಂತ. ದೊಡ್ಡ ಹೆಣ್ಣು ಮೀನು ಲಕ್ಷ ಅಲ್ಲ, ಕೋಟಿ ಲೆಕ್ಕದಲ್ಲಿ ಮೊಟ್ಟೆ ಬಿಡುತ್ತದೆ.

ಜೂನ್ ಹೊತ್ತಿಗೆ ಮೊಟ್ಟೆ ಇಡಲು ಗುಂಪುಗೂಡಿದಾಗ ಅಲ್ಲಿಯ ಮೀನುಗಾರರು ದೊಡ್ಡ ಸುತ್ತುಬಲೆ ಹಾಕುತ್ತಾರೆ. ಮೀನನ್ನು ಅಲ್ಲೇ ಕೊಲ್ಲುವುದಿಲ್ಲ. ತೇಲುವ ಬಲೆಪಂಜರಕ್ಕೆ ದಾಟಿಸಿ, ನಿಧಾನಕ್ಕೆ ಎಳೆದುಕೊಂಡು ಹೋಗಿ, ಮಾಲ್ಟಾ, ಸ್ಪೇನ್ ಕಡೆ ತಿಂಗಳುಗಟ್ಟಲೆ ಮೇಯಿಸುತ್ತಾರೆ. ಹಾಗಾದರೆ ನೀರೊಳಗೆ ಓಡಾಡುವ ಮೀನಿನ ತೂಕ ಹಾಕುವುದು ಹೇಗೆ? ಪಂಜರದಿಂದ ಪಂಜರಕ್ಕೆ ದಾಟುವಾಗ ಬಾಗಿಲಲ್ಲಿ ಜೋಡಿ ಕ್ಯಾಮೆರಾ ಇಟ್ಟು ಉದ್ದ ಅಳೆಯುತ್ತಾರೆ. ಆಮೇಲೆ ಪ್ರತಿ ಮೀನಿನ ಹಿಂದೆಯೂ ದಾಖಲೆ ಓಡುತ್ತದೆ: ಯಾವ ದೋಣಿ, ಎಲ್ಲಿ, ಎಷ್ಟು. ಪಹಣಿ ಇಲ್ಲದೆ ಹೊಲ ಮಾರಲಾಗುವುದಿಲ್ಲವಲ್ಲ, ಹಾಗೇ ಅದಿಲ್ಲದೆ ಬ್ಲೂಫಿನ್ ಮಾರುವಂತಿಲ್ಲ. ಕಳ್ಳತನ ಪೂರ್ತಿ ನಿಂತಿಲ್ಲ, ಬಿಡಿ.

2021ರಲ್ಲಿ ಐಯುಸಿಎನ್ (ಯಾವ ಜೀವಿ ಅಳಿವಿನ ಅಂಚಿನಲ್ಲಿದೆ ಅಂತ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಅಟ್ಲಾಂಟಿಕ್ ಬ್ಲೂಫಿನ್ ಹೆಸರನ್ನು ಅಪಾಯದ ಪಟ್ಟಿಯಿಂದ ಇಳಿಸಿತು. 2023ಕ್ಕೆ ಕೋಟಾ 40,570 ಟನ್ನಿಗೆ ಏರಿತು. ಅಮೆರಿಕ ಕಡೆಯ ಗುಂಪು ಮಾತ್ರ ಅಷ್ಟು ಚೇತರಿಸಿಲ್ಲ.

ನಿಮ್ಮ ಕಾಟ್ಲಾ ಮೊಟ್ಟೆಗೆ ಬರಲು ಎರಡು ವರ್ಷ ಸಾಕು. ಬಲೆಯ ಕಣ್ಣು ದೊಡ್ಡದು ಮಾಡುವ ಮಾತನ್ನು ಸಂಘದ ಸಭೆಯಲ್ಲಿ ನೀವೇ ಎತ್ತಿ. ಹೊರಗಿನವರು ಹೇಳಿದರೆ ಯಾರೂ ಕೇಳುವುದಿಲ್ಲ, ನನಗೆ ಅನುಭವ ಇದೆ.

ಕಲಬುರಗಿಯಲ್ಲಿ ಬ್ಲೂಫಿನ್ ಎಲ್ಲಿ ಸಿಗುತ್ತದೆ? ರುಚಿ ಹೇಗಿರುತ್ತದೆ?
– ಓದುಗರು, ಕಲಬುರಗಿ

ಸಿಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಕೇದರ ಅಂತ ಮಾರುವುದೂ ಟ್ಯೂನಾ ಜಾತಿಯೇ, ಆದರೆ ಬ್ಲೂಫಿನ್ ಅಲ್ಲ. ಹಾಗಂತ ಹಿಂದೂ ಮಹಾಸಾಗರಕ್ಕೂ ಬ್ಲೂಫಿನ್‌ಗೂ ನಂಟಿಲ್ಲ ಅಂದುಕೊಳ್ಳಬೇಡಿ. ದಕ್ಷಿಣದ ಬ್ಲೂಫಿನ್ ಅನ್ನುವ ಇನ್ನೊಂದು ಜಾತಿ ಮೊಟ್ಟೆ ಇಡುವುದು ಇಂಡೊನೇಷ್ಯಾದ ಜಾವಾ ದ್ವೀಪದ ದಕ್ಷಿಣಕ್ಕೆ, ಇದೇ ಸಾಗರದಲ್ಲಿ.

ರುಚಿ ಕೇಳಿದಿರಿ. ಹೊಟ್ಟೆಯ ಭಾಗದ ಕೊಬ್ಬು ಬಾಯಲ್ಲಿ ಬೆಣ್ಣೆಯಂತೆ ಕರಗುತ್ತದಂತೆ. ನಾನು ತಿಂದಿಲ್ಲ. ಆವತ್ತು ಬುಟ್ಟಿಯಲ್ಲಿ ಗಾಳಿ ನುಂಗುತ್ತಿದ್ದ ಕೊರಮೀನನ್ನೇ ತಂದು ಹುಣಸೆಹುಳಿ ಹಾಕಿ ಸಾರು ಮಾಡಿದೆ, ರೊಟ್ಟಿ ಜೊತೆ.